ಗರ್ಭಚೀಲಕ್ಕೆ ಮೈಲಿಗೆ ಇಲ್ಲವೆ?

ಹಾಸ್ಟೆಲ್ ಗೆಳೆಯರೆ,

ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಅವ್ವನ್ನ, ಚಿಗವ್ವನ್ನ, ಅತ್ತಿಗೆಯನ್ನ ಹತ್ರ ಕುಂದ್ರಿಸಿಕೊಂಡು ಕೇಳಿ: ನಮ್ಮ ಓಣ್ಯಾಗ ಗರ್ಭಚೀಲ ತಗಸಿದವರು ಎಷ್ಟು ಮಂದಿ? ಕೇಳಲು ನಾಚಿಕೆ ಆಗುತ್ತದೆ, ಗೊತ್ತು. ಆ ನಾಚಿಕೆಯ ಮೇಲೆಯೇ ಕೆಲವರ ನರ್ಸಿಂಗ್ ಹೋಮಿನ ಮಹಡಿ ಎದ್ದಿರುವುದು.

ಇದು ಗಾಳಿಮಾತಲ್ಲ, ನಮ್ಮ ಕಲಬುರಗಿ ಜಿಲ್ಲೆಯದೇ ಕಥೆ. ತಾಂಡಾದ ಲಂಬಾಣಿ ಹೆಣ್ಣುಮಕ್ಕಳು, ಕೇರಿಯ ದಲಿತ ಹೆಣ್ಣುಮಕ್ಕಳು ಬಾಯಿಬಿಟ್ಟ ಮೇಲೆ 2015ರಲ್ಲಿ ತನಿಖೆ ನಡೆಯಿತು. ಖಾಸಗಿ ಆಸ್ಪತ್ರೆಗಳ ದಾಖಲೆ ತೆಗೆದು ನೋಡಿದರೆ 30 ತಿಂಗಳಲ್ಲಿ 2,258 ಹೆಣ್ಣುಮಕ್ಕಳ ಗರ್ಭಚೀಲ ಹೋಗಿತ್ತು! ಅರ್ಧದಷ್ಟು ಮಂದಿ 35 ದಾಟದವರು. ತೊಗರಿ ಹೊಲದಾಗ ಬಗ್ಗಿ ದುಡಿಯುವ ವಯಸ್ಸು ಅದು.

ಹೋದದ್ದು ಯಾತಕ್ಕೆ? ಬಿಳಿ ಸೆರಗು, ನಡುನೋವು, ಕೆಳಹೊಟ್ಟೆ ನೋವು. ಇವುಗಳಲ್ಲಿ ಬಹಳಷ್ಟು ಗುಳಿಗೆಗೆ ವಾಸಿಯಾಗುವ ಸೋಂಕು. ಆದರೆ ಒಂದು ಸ್ಕ್ಯಾನಿಂಗ್ ಮಾಡಿ ‘ಚೀಲ ಕೆಟ್ಟದ, ಬಿಟ್ರ ಕ್ಯಾನ್ಸರ್ ಆಗ್ತದ’ ಅಂದರೆ ಯಾವ ತಾಯಿ ಹೆದರುವುದಿಲ್ಲ? ಆಡು ಮಾರಿದರು, ತಾಳಿಗುಂಡು ಅಡ ಇಟ್ಟರು, ಸಾಲ ತೀರಿಸಲು ಪುಣೆ ಮುಂಬಯಿಗೆ ಗುಳೆ ಹೋದರು. ಚೀಲದ ಜೊತೆ ಅಂಡಾಶಯವೂ ಹೋದರೆ ಮುಟ್ಟು ನಿಂತವರ ಮುಪ್ಪು ಆ ಹರೆಯದಲ್ಲೇ ಬರುತ್ತದೆ, ಎಲುಬು ಸವೆಯುತ್ತದೆ. ಕೂಲಿಯವಳಿಗೆ ಎಲುಬೇ ಆಸ್ತಿಯಲ್ಲವೆ?

ಡಾಕ್ಟರ ಕಡೆಯವರು ಹೇಳುವ ಮಾತು ಒಂದಿದೆ: ‘ಅವರೇ ಬಂದು ತಗೀರಿ ಅಂತಾರ.’ ಸ್ವಾಮಿ, ಕ್ಯಾನ್ಸರ್ ಎಂದು ಹೆದರಿಸಿದವರು ಯಾರು? ಹೆದರಿದವಳು ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯೆ? ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಗರ್ಭಕೋಶ ತೆಗೆಯುವ ಒಪ್ಪಿಗೆಯಲ್ಲ ಎಂದು ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ. ನಮ್ಮವ್ವನ ಬೊಗಸೆಗೆ ಮೇಲಿಂದ ನೀರು ಸುರಿಯುವ ನಾಡಿನಲ್ಲಿ ಅವಳ ಹೊಟ್ಟೆ ಕೊಯ್ಯುವಾಗ ಮಾತ್ರ ಯಾರಿಗೂ ಮೈಲಿಗೆ ಆಗಲಿಲ್ಲ!

ಎಲ್ಲ ಡಾಕ್ಟರೂ ಕಟುಕರಲ್ಲ. ನಡುರಾತ್ರಿ ಹೆರಿಗೆ ಮಾಡಿಸಿ ಜೀವ ಉಳಿಸಿದವರೂ ಇದ್ದಾರೆ. ಆದರೆ 2017ರಲ್ಲಿ ಸರ್ಕಾರ ಖಾಸಗಿ ಆಸ್ಪತ್ರೆ ಕಾನೂನಿಗೆ ಹಲ್ಲು ಕೊಡಲು ಹೊರಟಾಗ ರಾಜ್ಯದ ಖಾಸಗಿ ಡಾಕ್ಟರುಗಳು ಬಾಗಿಲು ಹಾಕಿ ಮುಷ್ಕರ ಹೂಡಿದರು. ಅದೇ ವರ್ಷ ಚೀಲ ಕಳಕೊಂಡ ಹೆಣ್ಣುಮಕ್ಕಳು ಕಲಬುರಗಿಯಲ್ಲಿ ಬೀದಿಗಿಳಿದಿದ್ದರು. ಯಾರ ಕೂಗು ಬೇಗ ಕೇಳಿಸಿತು ಎಂದು ಹೇಳಬೇಕಿಲ್ಲ. ಹಲ್ಲು ಮೊಂಡಾಯಿತು.

ಹಾಗಂತ ಸುಮ್ಮನೆ ಕೂರಬೇಡಿ. ಬೇಡದ ಗರ್ಭಕೋಶ ಆಪರೇಷನ್ ತಡೆಯುವ ಮಾರ್ಗಸೂಚಿ 2022ರಲ್ಲಿ ಬಂತು. ಅದನ್ನು ಜಾರಿಗೆ ತರಬೇಕೆಂದು 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೆ ಹೇಳಿತು. ಜಿಲ್ಲೆಯಲ್ಲಿ ಖಾಸಗಿ ಆಸ್ಪತ್ರೆಯ ಮೇಲಿನ ದೂರು ಕೇಳುವ ಪ್ರಾಧಿಕಾರವಿದೆ, ಡಿಸಿಯೇ ಅದರ ಅಧ್ಯಕ್ಷರು. ಕೇಸ್ ಪೇಪರಿನ ನಕಲು ಕೇಳಿದರೆ 72 ತಾಸಿನೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನಿಯಮ ಇದೆ. ಅವ್ವನಿಗೆ ಇದು ಓದಲು ಬಾರದು. ನಿನಗೆ ಬರುತ್ತದಲ್ಲ?

ಜೇವರ್ಗಿಯಿಂದ ಭೀಮಾ ಹೊಳಿ ದಾಟಿ ಕಲಬುರಗಿಗೆ ಆಪರೇಷನ್ನಿಗೆಂದು ಯಾರಾದರೂ ಹೊರಟರೆ ನೀನೂ ಬಸ್ಸು ಹತ್ತು. ಚೀಲ ತೆಗೆಯದೆ ಬೇರೆ ಔಷಧಿ ಇಲ್ಲವಾ ಎಂದು ಕೇಳು. ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸು. ಜೊತೆಗೆ ಕರಕೊಂಡು ಬಂದ ನಮ್ಮೋನೇ ಒಬ್ಬನಿಗೆ ಕಮಿಷನ್ ಇದ್ದರೆ ಅವನನ್ನೂ ಬಿಡಬೇಡ. ಮನೆಯಲ್ಲಿ ಹಳೇ ಚೀಟಿ, ಸ್ಕ್ಯಾನಿಂಗ್ ಕಾಗದ, ಬಿಲ್ಲು ಏನಿದ್ದರೂ ಒಲೆಗೆ ಹಾಕಲು ಬಿಡಬೇಡ, ಟ್ರಂಕಿನಲ್ಲಿ ಇಟ್ಟುಕೊಂಡು ಬಾ. ಮುಂದಿನ ಸಭೆಗೆ ಎಲ್ಲ ಕಾಗದ ಕೂಡಿಸಿ ನೋಡೋಣ.