ಬಡಿಸಿದ್ದನ್ನೇ ಉಣ್ಣುವ ಮತದಾರರು

ಗಾಂಧಿಬಜಾರಿನಲ್ಲಿ ಬೆಂಡೆಕಾಯಿ ಕೊಳ್ಳುವಾಗ ನಾವು ಒಂದೊಂದರ ತುದಿಯನ್ನೂ ಮುರಿದು ನೋಡುತ್ತೇವೆ. ಸೀರೆ ಅಂಗಡಿಯಲ್ಲಿ ನಲವತ್ತು ಸೀರೆ ಬಿಚ್ಚಿಸಿ, ಸೆರಗನ್ನು ಬೆಳಕಿಗೆ ಹಿಡಿದು ನೋಡಿ, ಕೊನೆಗೆ 'ಇನ್ನೊಂದು ದಿನ ಬರ್ತೀವಿ' ಎಂದು ಎದ್ದು ಬರುವ ಧೈರ್ಯವೂ ನಮಗಿದೆ. ಆದರೆ ಐದು ವರ್ಷ ನಮ್ಮನ್ನು ಆಳುವವರ ವಿಷಯ ಬಂದಾಗ ಮಾತ್ರ, ಯಾರೋ ಆರಿಸಿಟ್ಟ ಎರಡು ಮೂರು ಹೆಸರುಗಳ ಮುಂದೆ ತಲೆ ಬಗ್ಗಿಸಿ ನಿಲ್ಲುತ್ತೇವೆ. ಅದನ್ನೇ 'ಆಯ್ಕೆ' ಎನ್ನುತ್ತೇವೆ. ನನ್ನ ತಕರಾರು ಇರುವುದು ಈ ಪದದ ಮೇಲೆ.

ಈ ಮಾತು ಎದ್ದದ್ದು ಒಂದು ಕೆಟ್ಟ ಪಿಜ್ಜಾದ ದೆಸೆಯಿಂದ. ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ನನ್ನ ಅಕ್ಕನ ಮಗಳು ರಜಕ್ಕೆಂದು ಗಿರಿನಗರದ ನಮ್ಮ ಮನೆಗೆ ಬಂದಿದ್ದಳು. ಮಕ್ಕಳ ಹಟಕ್ಕೆ ಪಿಜ್ಜಾ ತರಿಸಿದಳು. ಡಬ್ಬಿ ತೆರೆದರೆ ಚೀಸೆಲ್ಲ ಮುಚ್ಚಳಕ್ಕೆ ಅಂಟಿತ್ತು, ರೊಟ್ಟಿ ರಟ್ಟಿನಂತಿತ್ತು, ದಪ್ಪಮೆಣಸಿನಕಾಯಿ ಹಸಿಹಸಿ. ಎದುರು ಮನೆಯ ಅಜ್ಜಿ ಒಂದು ಚೂರು ಬಾಯಿಗಿಟ್ಟು, "ಇದಕ್ಕಿಂತ ನಿನ್ನೆಯ ತಂಗಳು ಚಪಾತಿ ವಾಸಿ ಕಣಮ್ಮ" ಎಂದರು. ಇವಳು ಕೂಡಲೇ ಫೋನಿನಲ್ಲಿ ದೂರು ಕೊಟ್ಟಳು. ಹತ್ತೇ ನಿಮಿಷದಲ್ಲಿ ಹಣ ವಾಪಸಾಯಿತು.

"ನೋಡಿ ಚಿಕ್ಕಮ್ಮ, ಕೇಳಿದರೆ ಸಿಗತ್ತೆ" ಎಂದಳು. ಅಜ್ಜಿ ನಕ್ಕು, "ಪಿಜ್ಜಾ ಆದರೆ ವಾಪಸು ಕೊಡಬಹುದು, ಎಮ್ಮೆಲ್ಲೆ ಕೆಟ್ಟರೆ ಏನಮ್ಮ ಮಾಡೋದು? ಪಾರ್ಟಿಯೋರು ಯಾರನ್ನೋ ನಿಲ್ಲಿಸ್ತಾರೆ, ನಾವು ಗುರುತು ನೋಡಿ ಒತ್ತಿ ಬರ್ತೀವಿ" ಎಂದರು. ಆಗ ಅವಳು ತಮ್ಮ ರಾಜ್ಯದ ಪ್ರೈಮರಿ ಚುನಾವಣೆಯ ಕಥೆ ಹೇಳಿದಳು.

ಪ್ರೈಮರಿ ಎಂದರೆ ಚುನಾವಣೆಗೆ ಮೊದಲು ನಡೆಯುವ ಚುನಾವಣೆ. ಪಕ್ಷದ ಪರವಾಗಿ ಯಾರು ನಿಲ್ಲಬೇಕೆಂಬುದನ್ನು ನಾಯಕರಲ್ಲ, ಆ ಪಕ್ಷದವರೆಂದು ನೋಂದಾಯಿಸಿಕೊಂಡ ಸಾಮಾನ್ಯ ಮತದಾರರೇ ಮತಗಟ್ಟೆಗೆ ಹೋಗಿ ತೀರ್ಮಾನಿಸುತ್ತಾರೆ. 2025ರ ಜೂನ್‌ನಲ್ಲಿ ನ್ಯೂಜೆರ್ಸಿಯ ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದಲ್ಲೇ ಆರು ಮಂದಿ ಸ್ಪರ್ಧಿಸಿದ್ದರು. ಗೆದ್ದವರು ಮಿಕಿ ಶೆರಿಲ್ ಎಂಬ ಮಹಿಳೆ. ನವೆಂಬರ್‌ನಲ್ಲಿ ಅವರೇ ಗವರ್ನರಾಗಿ ಆಯ್ಕೆಯಾದರು. ಅಲ್ಲಿಯೂ ದೊಡ್ಡವರ ಕೈಚಳಕ ಇರಲಿಲ್ಲವೆಂದಲ್ಲ. ಪಕ್ಷದ ಮುಖಂಡರು ಮೆಚ್ಚಿದವರ ಹೆಸರುಗಳನ್ನೆಲ್ಲ ಮತಪತ್ರದಲ್ಲಿ ಒಂದೇ ಸಾಲಿನಲ್ಲಿ ಅಚ್ಚು ಹಾಕಿ, ಉಳಿದವರನ್ನು ಮೂಲೆಗೆ ತಳ್ಳುವ ಪದ್ಧತಿ ಬಹುಕಾಲ ನಡೆದಿತ್ತು. ಆಂಡಿ ಕಿಮ್ ಎಂಬ ಸಂಸದರು ಕೋರ್ಟಿಗೆ ಹೋದರು. 2024ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದಕ್ಕೆ ತಡೆ ಹಾಕಿತು. ಅಂದರೆ ಹಕ್ಕು ಕೈಗೆ ಬಂದ ಮೇಲೂ ಅದನ್ನು ಕಾಯಬೇಕಾಗುತ್ತದೆ. ನಮಗಾದರೋ ಕಾಯಲು ಆ ಹಕ್ಕೇ ಇಲ್ಲ.

ನಮ್ಮ ಬೆಂಗಳೂರು ದಕ್ಷಿಣವನ್ನೇ ತೆಗೆದುಕೊಳ್ಳಿ. 1996ರಿಂದ ಆರು ಬಾರಿ ಗೆದ್ದ ಅನಂತಕುಮಾರ್ 2018ರ ನವೆಂಬರ್‌ನಲ್ಲಿ ತೀರಿಕೊಂಡರು. ಮುಂದಿನ ಅಭ್ಯರ್ಥಿ ಅವರ ಪತ್ನಿ ತೇಜಸ್ವಿನಿಯವರೇ ಎಂದು ಊರೆಲ್ಲ ಮಾತಾಡುತ್ತಿತ್ತು. 2019ರ ಮಾರ್ಚ್ 26 ನಾಮಪತ್ರಕ್ಕೆ ಕೊನೆಯ ದಿನ. ತೇಜಸ್ವಿ ಸೂರ್ಯ ಅವರ ಹೆಸರು ದೆಹಲಿಯಿಂದ ಹೊರಬಿದ್ದದ್ದು ಅದರ ಹಿಂದಿನ ರಾತ್ರಿ. ಅವರು ಯೋಗ್ಯರೋ ಅಲ್ಲವೋ ಎಂಬುದು ನನ್ನ ಪ್ರಶ್ನೆಯಲ್ಲ. ಆ ಪಕ್ಷಕ್ಕೆ ದಶಕಗಳಿಂದ ಮತ ಹಾಕಿದ ಸೀತಾ ಸರ್ಕಲ್ಲಿನ ಗೃಹಿಣಿಯನ್ನು ಒಂದು ಮಾತು ಕೇಳಿದವರು ಯಾರು? ಕಾಂಗ್ರೆಸ್ ಬಿ.ಕೆ. ಹರಿಪ್ರಸಾದರನ್ನು ನಿಲ್ಲಿಸಿದಾಗಲೂ ಅದರ ಮತದಾರರನ್ನು ಯಾರೂ ಕೇಳಲಿಲ್ಲ. ಜಾತ್ಯತೀತ ಜನತಾದಳದ ಟಿಕೆಟ್ಟಿನ ಕಥೆ ಹಾಸನದ ಮಕ್ಕಳಿಗೂ ಗೊತ್ತು. ಬಿ ಫಾರಂ ಎಂಬ ಒಂದು ಹಾಳೆ ಎಲ್ಲವನ್ನೂ ತೀರ್ಮಾನಿಸಿಬಿಡುತ್ತದೆ.

"ಪ್ರೈಮರಿ ನಮ್ಮಲ್ಲೂ ಆಗಿ ಸೋತಿತಲ್ಲ" ಎನ್ನುವವರಿದ್ದಾರೆ. ನಿಜ, 2014ರಲ್ಲಿ ರಾಹುಲ್ ಗಾಂಧಿಯವರ ಆಸೆಯಂತೆ ಕಾಂಗ್ರೆಸ್ ಕೆಲವೇ ಕ್ಷೇತ್ರಗಳಲ್ಲಿ ಈ ಪ್ರಯೋಗ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಅದರಲ್ಲಿದ್ದವು. ಹಾಗೆ ಆರಿಸಿಬಂದ ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಇಬ್ಬರೂ ಚುನಾವಣೆಯಲ್ಲಿ ಸೋತರು. ಆದರೆ ಅಲ್ಲಿ ಮತ ಹಾಕಿದವರು ಪಕ್ಷದ ಪದಾಧಿಕಾರಿಗಳೇ ಹೊರತು ಸಾಮಾನ್ಯ ಬೆಂಬಲಿಗರಲ್ಲ. ಮನೆಯ ಯಜಮಾನರಷ್ಟೇ ಕೂತು ಮಾತಾಡಿ, ಹುಡುಗಿಯನ್ನು ಕೇಳದೆ ಲಗ್ನಪತ್ರಿಕೆ ಬರೆಸಿದಂತಾಯಿತು. ಅದು ಸೋತಿದ್ದಕ್ಕೆ ಮತದಾರರನ್ನು ದೂರುವುದು ಯಾವ ನ್ಯಾಯ?

"ದುಡ್ಡಿದ್ದವರು ಪ್ರೈಮರಿಯನ್ನೂ ಕೊಂಡುಕೊಳ್ಳುತ್ತಾರೆ" ಎಂಬುದು ಇನ್ನೊಂದು ಮಾತು. ಕೊಳ್ಳಲು ನೋಡಬಹುದು. ಆದರೆ ಮುಚ್ಚಿದ ಕೋಣೆಯಲ್ಲಿ ನಾಲ್ವರನ್ನು ಒಪ್ಪಿಸುವುದು ಸುಲಭವೋ, ನಾಲ್ಕು ಬಡಾವಣೆಯ ಜನರನ್ನು ಒಪ್ಪಿಸುವುದು ಸುಲಭವೋ? ಇನ್ನು ನೋಟಾ. 2013ರಲ್ಲಿ ಸುಪ್ರೀಂ ಕೋರ್ಟು ಕೊಡಿಸಿದ ಆ ಗುಂಡಿ 'ಬೇಡ' ಎನ್ನಲು ಬಂತೇ ಹೊರತು, 'ಇವರು ಬೇಕು' ಎನ್ನಲು ಬರುವುದಿಲ್ಲ.

ಹೆಂಗಸರಾದ ನಮಗೆ ಇದು ಇನ್ನೂ ಹತ್ತಿರದ ವಿಷಯ. ಬೆಂಗಳೂರು ಪಾಲಿಕೆಗೆ 2015ರಲ್ಲಿ ಚುನಾವಣೆ ನಡೆದಾಗ 198 ವಾರ್ಡುಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿದ್ದವು. ಕಾನೂನು ಹೇಳಿದ್ದರಿಂದ ಪಕ್ಷಗಳಿಗೆ ಹೆಂಗಸರು ಸಿಕ್ಕರು. ಅದೇ 2023ರ ವಿಧಾನಸಭೆಗೆ, ಕಾನೂನಿನ ಕಟ್ಟು ಇಲ್ಲದೆ ಪಕ್ಷಗಳೇ ಟಿಕೆಟ್ ಹಂಚಿದಾಗ, 224ರಲ್ಲಿ ಗೆದ್ದುಬಂದ ಮಹಿಳೆಯರು ಕೇವಲ ಹತ್ತು. ಹೆಂಗಸರು ಸೋಲುತ್ತಾರೆ ಎನ್ನುವ ಮೊದಲು, ಅವರನ್ನು ಎಷ್ಟು ಕಡೆ ನಿಲ್ಲಿಸಿದಿರಿ ಎಂದು ಕೇಳಬೇಡವೇ?

ಶಾಲೆಯಲ್ಲಿ ಕ್ಲಾಸ್ ಲೀಡರ್ ಆರಿಸುವಾಗ ನಾನೇ ಇಬ್ಬರ ಹೆಸರನ್ನು ಬೋರ್ಡಿನ ಮೇಲೆ ಬರೆದು ಕೈ ಎತ್ತಿ ಎಂದರೆ, ಏಳನೇ ಕ್ಲಾಸಿನ ಮಕ್ಕಳು ಸುಮ್ಮನಿರುವುದಿಲ್ಲ. "ಮಿಸ್, ಅವರಿಬ್ಬರೇ ಯಾಕೆ?" ಎಂದು ಎದ್ದು ನಿಲ್ಲುತ್ತಾರೆ. ಹನ್ನೆರಡು ವರ್ಷದ ಮಕ್ಕಳಿಗೆ ಹೊಳೆಯುವ ಪ್ರಶ್ನೆ ನಮಗೇಕೆ ಹೊಳೆಯುವುದಿಲ್ಲ?

2024ರ ಏಪ್ರಿಲ್‌ನಲ್ಲಿ ನಮ್ಮ ಕ್ಷೇತ್ರದಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 53 ಮಂದಿ. ಉಳಿದವರನ್ನು ಸೋಮಾರಿಗಳೆಂದು ಪತ್ರಿಕೆಗಳು ಬೈದವು. ಅವರಲ್ಲಿ ಸೋಮಾರಿಗಳೂ ಇದ್ದಾರು. ಆದರೆ ಅಡುಗೆಯೆಲ್ಲ ಮುಗಿಸಿ, ಎಲೆ ಹಾಕಿ, ಆಮೇಲೆ 'ಏನು ಮಾಡಲಿ?' ಎಂದು ಕೇಳುವ ಮನೆಗೆ ಊಟಕ್ಕೆ ಹೋಗಲು ಯಾರಿಗೆ ಉತ್ಸಾಹ ಬರುತ್ತದೆ?

ಮುಂದಿನ ಚುನಾವಣೆಗೆ ನಿಮ್ಮ ಬೀದಿಗೂ ಕೈಮುಗಿದುಕೊಂಡು ಬರುತ್ತಾರೆ. ಅರಿಶಿನ ಕುಂಕುಮ ಕೊಟ್ಟು, ಕರಪತ್ರ ಇಸಿದುಕೊಂಡು ಬಾಗಿಲು ಹಾಕಬೇಡಿ. ನಿಮ್ಮ ಮನಸ್ಸಿಗೆ ಹತ್ತಿರವಾದ ಪಕ್ಷದವರನ್ನೇ ಮೊದಲು ನಿಲ್ಲಿಸಿ ಕೇಳಿ: ಇವರ ಜೊತೆ ಇನ್ನು ಯಾರ್ಯಾರು ಟಿಕೆಟ್ ಕೇಳಿದ್ದರು? ಅವರಲ್ಲಿ ಹೆಂಗಸರೆಷ್ಟು? ಆರಿಸಿದವರು ಯಾರು? ನಮ್ಮನ್ನು ಯಾವಾಗ ಕೇಳುತ್ತೀರಿ? ಒಂದು ಮನೆಯಲ್ಲಿ ಕೇಳಿದರೆ ನಕ್ಕು ಹೋಗುತ್ತಾರೆ. ಬೀದಿಯ ಹತ್ತು ಮನೆಯಲ್ಲೂ ಅದನ್ನೇ ಕೇಳಿದರೆ, ಉತ್ತರ ಹುಡುಕಿಕೊಂಡೇ ಮತ್ತೆ ಬರಬೇಕಾಗುತ್ತದೆ.