ಅಟ್ಟದ ಕಾಯಿ, ಸಂಘದ ಆಪದ್ಧನ

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ನಿಗದಿಪಡಿಸಿತ್ತು. ಆದರೂ ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿಯಿತು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ರೂಪಾಯಿ ದಾಟಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಈ ಏರಿಳಿತ ತಟ್ಟುವುದು ಬೆಳೆಗಾರರನ್ನು ಮಾತ್ರವಲ್ಲ. ಕಾಯಿ ಸುಲಿಯುವ ಕೂಲಿಯವರನ್ನೂ, ಇವರೆಲ್ಲರೂ ಕೂಡಿ ನಡೆಸುವ ಸಂಘಗಳನ್ನೂ ತಟ್ಟುತ್ತದೆ.

ಕಾಯನ್ನು ಅಟ್ಟಕ್ಕೇರಿಸಿ ವರ್ಷದ ಹತ್ತಿರ ಕಾಯುವ ಜನರಿಗೆ ಉಳಿತಾಯದ ತಾಳ್ಮೆಯನ್ನು ಬೋಧಿಸಬೇಕಾಗಿಲ್ಲ. ಆದರೆ ಸಮುದಾಯ ಭವನದ ಛಾವಣಿ, ಬಡಾವಣೆಯ ಕೊಳವೆ ಬಾವಿಯ ಮೋಟಾರು, ಸ್ಮಶಾನದ ಗೋಡೆ ಮುಂತಾದ ಸಾಮೂಹಿಕ ಆಸ್ತಿಗಳ ವಿಷಯದಲ್ಲಿ, ಕೆಟ್ಟ ಮೇಲೆ ವಂತಿಗೆ ಎತ್ತುವುದೇ ಅನೇಕ ಕಡೆ ರೂಢಿಯಾಗಿದೆ. ಬೆಲೆ ಬಿದ್ದ ವರ್ಷದಲ್ಲಿಯೇ ಛಾವಣಿ ಸೋರಿದರೆ ಗತಿಯೇನು? ತೋಟವುಳ್ಳವನು ಹೇಗೋ ಕೊಟ್ಟಾನು. ಕೂಲಿಯವನು ಸಾಲ ಮಾಡಬೇಕು. ಇಲ್ಲವೇ ಸಂಕೋಚದಿಂದ ಸಂಘದಿಂದಲೇ ದೂರ ಸರಿಯಬೇಕು.

ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯಿದೆಯು ನಿವ್ವಳ ಲಾಭದ ಕನಿಷ್ಠ ಶೇಕಡಾ 25ರಷ್ಟನ್ನು ಆಪದ್ಧನ ನಿಧಿಗೆ ತೆಗೆದಿಡಬೇಕೆಂದು ವಿಧಿಸುತ್ತದೆ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳಲ್ಲಿ ಹಲವರು ಮಾಸಿಕ ನಿರ್ವಹಣಾ ಶುಲ್ಕದೊಡನೆ ಲಿಫ್ಟು, ಬಣ್ಣ ಮುಂತಾದ ದೊಡ್ಡ ಖರ್ಚುಗಳಿಗಾಗಿ ಪ್ರತ್ಯೇಕ ನಿಧಿ ಕಟ್ಟುವುದನ್ನು ಬಲ್ಲರು. ಇಂತಹ ನಿಧಿ ಸಣ್ಣ ಸಂಘಕ್ಕೂ ಅಸಾಧ್ಯವಲ್ಲ.

ಒಂದು ಉದಾಹರಣೆಯನ್ನು ನೋಡೋಣ. 40 ಕುಟುಂಬಗಳ ಸಂಘವೊಂದರ ಛಾವಣಿ ಇನ್ನು 10 ವರ್ಷ ಬಾಳುತ್ತದೆ. ಆಗ ಅದನ್ನು ಬದಲಿಸಲು 3 ಲಕ್ಷ ರೂಪಾಯಿ ಬೇಕು ಎಂದಿಟ್ಟುಕೊಳ್ಳೋಣ. ಕೊನೆಯ ಗಳಿಗೆಯಲ್ಲಿ ಪ್ರತಿ ಮನೆಗೆ 7,500 ರೂಪಾಯಿ ಬೀಳುತ್ತದೆ. ಇಂದಿನಿಂದಲೇ ಆರಂಭಿಸಿದರೆ ವರ್ಷಕ್ಕೆ 750, ತಿಂಗಳಿಗೆ 63 ರೂಪಾಯಿಗೂ ಕಡಿಮೆ. ಸಾಮಗ್ರಿಗಳ ಬೆಲೆ ಏರುವುದರಿಂದ ಮೂರು ವರ್ಷಕ್ಕೊಮ್ಮೆ ಅಂದಾಜನ್ನು ಪರಿಷ್ಕರಿಸಬೇಕು.

ಹಣ ಕೂಡಿಸುವುದಕ್ಕಿಂತ ಕಠಿಣವಾದುದು ಅದನ್ನು ಕಾಯುವುದು. ಅರಸುಗಳ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಯೋವಾಷ ಅರಸನ ಪ್ರಸಂಗವಿದೆ. ಕಾಣಿಕೆ ಬರುತ್ತಿದ್ದರೂ ಅವನ ಆಳ್ವಿಕೆಯ 23ನೆಯ ವರ್ಷದವರೆಗೆ ದೇವಾಲಯದ ದುರಸ್ತಿ ನಡೆದಿರಲಿಲ್ಲ. ಆಮೇಲೆ ಮುಚ್ಚಳದಲ್ಲಿ ರಂಧ್ರವಿದ್ದ ಪೆಟ್ಟಿಗೆಯನ್ನು ಬಲಿಪೀಠದ ಬಳಿ ಇರಿಸಲಾಯಿತು. ಅರಸನ ಲೇಖಕನೂ ಪ್ರಧಾನ ಯಾಜಕನೂ ಕೂಡಿಯೇ ಹಣ ಎಣಿಸಿದರು. ಆ ಹಣದಿಂದ ಬೆಳ್ಳಿಯ ಪಾತ್ರೆಗಳನ್ನು ಮಾಡಿಸದೆ ದುರಸ್ತಿಗೇ ಕೊಟ್ಟರು. ಪ್ರತ್ಯೇಕ ಪೆಟ್ಟಿಗೆ, ಇಬ್ಬರ ಎಣಿಕೆ, ಒಂದೇ ಉದ್ದೇಶ: ಇಂದಿನ ಸಂಘಗಳಿಗೂ ಈ ಮೂರು ಸಾಕು.

ಧರ್ಮಸಭೆಯ 1983ರ ಕಾನೂನು ಸಂಹಿತೆಯೂ ಪ್ರತಿ ಧರ್ಮಕೇಂದ್ರಕ್ಕೆ ಹಣಕಾಸು ಸಮಿತಿ ಇರಬೇಕೆನ್ನುತ್ತದೆ. ಆಡಳಿತಗಾರರು ಒಳ್ಳೆಯ ಮನೆಯೊಡೆಯನಂತೆ ಆಸ್ತಿಯನ್ನು ಕಾಯಬೇಕೆಂದೂ ವಿಶ್ವಾಸಿಗಳ ಕಾಣಿಕೆಗೆ ಅವರಿಗೆ ಲೆಕ್ಕ ಒಪ್ಪಿಸಬೇಕೆಂದೂ ವಿಧಿಸುತ್ತದೆ.

ಆದುದರಿಂದ ಧಾರಣೆ ಚೆನ್ನಾಗಿರುವ ವರ್ಷದಲ್ಲಿಯೇ ಸರ್ವಸದಸ್ಯರ ಸಭೆ ಕರೆದು ನಿಧಿ ಆರಂಭಿಸಬೇಕು. ಹೆಚ್ಚು ಆದಾಯವುಳ್ಳವರು ಹೆಚ್ಚು ಕೊಡಲಿ. ಕೈಲಾಗದವರ ಪಾಲನ್ನು ಸದ್ದಿಲ್ಲದೆ ಮನ್ನಾ ಮಾಡಲಿ. ಹಬ್ಬದ ಖರ್ಚಿಗೆ ಈ ಹಣವನ್ನು ಮುಟ್ಟದಿರಲಿ. ವರ್ಷಕ್ಕೊಮ್ಮೆ ಲೆಕ್ಕವನ್ನು ಎಲ್ಲರ ಮುಂದೆ ಓದಲಿ. ಛಾವಣಿ ಸೋರಿದ ದಿನ ಬಡವನೊಬ್ಬನು ತಲೆತಗ್ಗಿಸದೆ ಅದರಡಿ ಕುಳಿತಿರಲು ಸಾಧ್ಯವಾದರೆ, ನಿಧಿ ಸಾರ್ಥಕವಾದಂತೆ.