ಚಳಿಗೆ ಗ್ಯಾಸ್ ಹೆಪ್ಪುಗಟ್ಟುತ್ತದೆಯೇ?

ಡಿಸೆಂಬರ್, ಜನವರಿಯಲ್ಲಿ ಹಂಪಿ ಸುತ್ತಮುತ್ತ ಅಥವಾ ಸಂಡೂರಿನ ಗುಡ್ಡಗಳಲ್ಲಿ ಟೆಂಟ್ ಹಾಕಿದಾಗ, ಬೆಳಗಿನ ಜಾವ ಪುಟ್ಟ ಗ್ಯಾಸ್ ಒಲೆಯ ಉರಿ ಸಣ್ಣಗಾಗುವುದುಂಟು. "ಚಳಿಗೆ ಗ್ಯಾಸ್ ಹೆಪ್ಪುಗಟ್ಟಿದೆ" ಎನ್ನುತ್ತೇವೆ. ಇದು ನಿಜವೇ?

ಅಲ್ಲ. ಬ್ಯೂಟೇನ್ ಹೆಪ್ಪುಗಟ್ಟಲು ಸುಮಾರು ಮೈನಸ್ 138 ಡಿಗ್ರಿ ಸೆಲ್ಸಿಯಸ್ ಚಳಿ ಬೇಕು. ಡಬ್ಬಿಯೊಳಗೆ ಅದು ಒತ್ತಡದಲ್ಲಿ ದ್ರವವಾಗಿರುತ್ತದೆ. ಆವಿಯಾಗಿ ಹೊರಬಂದದ್ದು ಮಾತ್ರ ಉರಿಯುತ್ತದೆ. ಬ್ಯೂಟೇನ್ ಕುದಿಯುವುದು ಮೈನಸ್ 0.5 ಡಿಗ್ರಿಯಲ್ಲಿ, ಪ್ರೊಪೇನ್ ಮೈನಸ್ 42ರಲ್ಲಿ. ಹಿಮಾಲಯದ ಚಳಿಯಲ್ಲಿ ಬರೀ ಬ್ಯೂಟೇನ್ ಡಬ್ಬಿ ಕೈಕೊಡುವುದು ಇದಕ್ಕೇ. ಹೊಸಪೇಟೆ, ಕಂಪ್ಲಿಯ ಚಳಿ ಸೊನ್ನೆಯ ಹತ್ತಿರಕ್ಕೂ ಇಳಿಯುವುದಿಲ್ಲ.

ಹಾಗಾದರೆ ಉರಿ ಕುಗ್ಗುವುದೇಕೆ? ದ್ರವ ಆವಿಯಾಗುವಾಗ ಡಬ್ಬಿಯಿಂದಲೇ ಶಾಖ ಹೀರಿಕೊಳ್ಳುತ್ತದೆ. ಬೆವರು ಆರಿದಾಗ ನಮ್ಮ ಮೈ ತಂಪಾಗುವಂತೆ ಡಬ್ಬಿ ತಣ್ಣಗಾಗಿ, ಒಳಗಿನ ಒತ್ತಡ ಇಳಿಯುತ್ತದೆ. ಹೊರಮೈ ಮೇಲೆ ನೀರಹನಿ ಕಾಣುವುದೂ ಇದರಿಂದಲೇ. ಗ್ಯಾಸ್ ಮುಗಿಯುತ್ತ ಬಂದಾಗ ಇದು ಹೆಚ್ಚು. ಸ್ವಲ್ಪ ಹೊತ್ತು ಒಲೆ ಆರಿಸಿಟ್ಟರೆ ಡಬ್ಬಿ ತಾನೇ ಸರಿಹೋಗುತ್ತದೆ. ಬೆಂಕಿಗೆ ಹಿಡಿಯುವುದು, ಕುದಿಯುವ ನೀರಿನಲ್ಲಿ ಇಡುವುದು ಬೇಡವೇ ಬೇಡ. ಒತ್ತಡ ಏರಿ ಸಿಡಿಯಬಹುದು.

ದೊಡ್ಡ ಅಪಾಯ ಬೇರೆಯೇ ಇದೆ. ಚಳಿಯೆಂದು ಟೆಂಟಿನ ಜಿಪ್ ಎಳೆದು ಒಳಗೇ ಒಲೆ ಹಚ್ಚಿದರೆ, ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಲಕ್ಷಣಗಳು. ನಿದ್ದೆಯಲ್ಲಿದ್ದವರಿಗೆ ಅವೂ ತಿಳಿಯುವುದಿಲ್ಲ. ಆದ್ದರಿಂದ ಒಲೆ ಹೊರಗಿರಲಿ, ಚಳಿಗೆ ಕಂಬಳಿ ಇರಲಿ.